ಮೊದಲು ಕ್ಲಾಂಪು, ಆಮೇಲೆ ಪೈಪು

2024ರ ಜುಲೈ 19ರ ಬೆಳಿಗ್ಗೆ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್‌ನಲ್ಲಿ ಇಂಡಿಗೊ, ಆಕಾಸಾ, ಸ್ಪೈಸ್‌ಜೆಟ್ ವಿಮಾನಗಳ ಚೆಕ್-ಇನ್ ಕೆಲಸವನ್ನು ಸಿಬ್ಬಂದಿ ಕೈಯಾರೆ ಮಾಡಬೇಕಾಯಿತು. ಅಂದು ಜಗತ್ತಿನ ಆಸ್ಪತ್ರೆ, ಬ್ಯಾಂಕು, ಟಿವಿ ಕೇಂದ್ರಗಳಲ್ಲೂ ಇದೇ ಗೋಳು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ನಮ್ಮ ಗಡಿಯಾರದ ಪ್ರಕಾರ 9 ಗಂಟೆ 39 ನಿಮಿಷಕ್ಕೆ ವಿಂಡೋಸ್ ಕಂಪ್ಯೂಟರುಗಳಿಗೆ ಒಂದು ಸಣ್ಣ ಫೈಲ್ ಕಳಿಸಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ ಸುಮಾರು 85 ಲಕ್ಷ ಯಂತ್ರಗಳು ನೀಲಿ ಪರದೆ ತೋರಿಸಿ ಮಲಗಿದವು.

ತಪ್ಪು ಗೊತ್ತಾಗಿ ಕಂಪನಿ 78 ನಿಮಿಷದಲ್ಲೇ ಆ ಫೈಲನ್ನು ಹಿಂದಕ್ಕೆ ಪಡೆಯಿತು. ಆದರೂ ಬಿದ್ದ ಯಂತ್ರಗಳಲ್ಲಿ ಹೆಚ್ಚಿನವು ಏಳಲಿಲ್ಲ. ಆ ಫೈಲನ್ನು ಓದುವ ಡ್ರೈವರ್ ವಿಂಡೋಸ್ ಶುರುವಾಗುವ ಹೊತ್ತಿಗೇ ಎಚ್ಚರಗೊಳ್ಳುತ್ತದೆ. ಇಂಟರ್‌ನೆಟ್ ಸಂಪರ್ಕ ಸಿಗುವಷ್ಟರಲ್ಲಿ ಯಂತ್ರ ಮತ್ತೆ ಕುಸಿದರೆ, ಸರಿಯಾದ ಫೈಲ್ ಒಳಗೆ ಬರುವುದಾದರೂ ಹೇಗೆ? ಕೊನೆಗೆ ಒಂದೊಂದು ಯಂತ್ರದ ಮುಂದೆಯೂ ಯಾರಾದರೂ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ವಿಂಡೋಸ್‌ನ ಡ್ರೈವರ್ಸ್ ಫೋಲ್ಡರ್ ಹೊಕ್ಕು ಆ ಫೈಲನ್ನು ಅಳಿಸಬೇಕಾಯಿತು. ಬಿಟ್‌ಲಾಕರ್ ಬೀಗ ಹಾಕಿದ್ದ ಯಂತ್ರಗಳು ಅದಕ್ಕೂ ಮೊದಲು 48 ಅಂಕಿಗಳ ಕೀಲಿ ಕೇಳಿದವು.

ಗುಂಡಿ ಒತ್ತಿದ ಕ್ಷಣದಿಂದ ಪರದೆ ಮೂಡುವವರೆಗೆ ಕಂಪ್ಯೂಟರಿನಲ್ಲಿ ನಡೆಯುವುದು ಸರಪಳಿ ಕೆಲಸ. ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್ ಮೊದಲು ಏಳುತ್ತದೆ. ಹಳೆಯ ಬಯೋಸ್ ಕಾಲದಲ್ಲಿ ಅದು ಡಿಸ್ಕಿನ ಮೊದಲ 512 ಬೈಟುಗಳನ್ನಷ್ಟೇ ಓದುತ್ತಿತ್ತು. ಇಂದಿನ ಯುಇಎಫ್‌ಐ ಯಂತ್ರಗಳು ಡಿಸ್ಕಿನಲ್ಲಿ ಇಎಫ್‌ಐ ಎಂಬ ಪುಟ್ಟ ವಿಭಾಗವನ್ನು ಹುಡುಕುತ್ತವೆ. ವಿಂಡೋಸ್ ಇದಕ್ಕೆ ಸಾಮಾನ್ಯವಾಗಿ 100 ಎಂಬಿ ಜಾಗ ಮೀಸಲಿಡುತ್ತದೆ, ನಮ್ಮ ಕಣ್ಣಿಗೆ ಬೀಳದಂತೆ ಅಡಗಿಸಿರುತ್ತದೆ. ಬೂಟ್‌ಲೋಡರ್ ಇರುವುದು ಅಲ್ಲಿ. ಅದು ವಿಂಡೋಸನ್ನೋ ಲಿನಕ್ಸನ್ನೋ ಎಬ್ಬಿಸಿ ತಾನು ಬದಿಗೆ ಸರಿಯುತ್ತದೆ. ಸರಪಳಿಯ ಮುಂದಿನ ಕೊಂಡಿ ಕೆಟ್ಟರೆ ಹಿಂದಿನದರಿಂದ ಸರಿಪಡಿಸಬಹುದು. ಬೂಟ್‌ಲೋಡರೇ ಕೆಟ್ಟರೆ ಹಿಂದೆ ಉಳಿಯುವುದು ಫರ್ಮ್‌ವೇರ್ ಒಂದೇ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಒಗ್ಗದ ಹಳೆಯ ಲ್ಯಾಪ್‌ಟಾಪನ್ನು ಎಸೆಯುವ ಬದಲು ಅದಕ್ಕೆ ಲಿನಕ್ಸ್ ಹಾಕಿಸುವುದು ಒಳ್ಳೆಯ ದಾರಿ. ಕೋಲಾರ ಜಿಲ್ಲೆಯ ಮಾಸ್ತಿಯಂಥ ಹೋಬಳಿ ಊರಿನಲ್ಲಿ ಪಹಣಿ ತೆಗೆದುಕೊಡುವ ಅಂಗಡಿಯವರಿಗೂ, ಕಾಲೇಜು ಹುಡುಗರಿಗೂ ಬೂಟ್‌ಲೋಡರ್ ಎದುರಾಗುವುದು ಇಂಥ ಹೊತ್ತಿನಲ್ಲೇ. ಅದನ್ನು ಅಪ್‌ಡೇಟ್ ಮಾಡುವ ಪಾಠ ಮಾತ್ರ ಈ ಜಿಲ್ಲೆಯವರಿಗೆ ಹೊಸದಲ್ಲ. ಬೋರ್‌ವೆಲ್ ಮೋಟರ್ ಎತ್ತುವವರನ್ನು ನೋಡಿ. ಮೇಲಿನ ಪೈಪು ಬಿಚ್ಚುವ ಮೊದಲು ಕೆಳಗಿನ ಪೈಪಿಗೆ ಕ್ಲಾಂಪು ಬಿಗಿದು ಕೇಸಿಂಗ್ ಬಾಯಿಯ ಮೇಲೆ ಕೂರಿಸುತ್ತಾರೆ. ಆ ಕ್ರಮ ತಪ್ಪಿದರೆ ಪೈಪು, ಕೇಬಲ್, ಮೋಟರ್ ಎಲ್ಲವೂ ಸಾವಿರ ಅಡಿ ಆಳಕ್ಕೆ.

ಬೂಟ್‌ಲೋಡರಿಗೆ ಕ್ಲಾಂಪು ಎಂದರೆ ಪೆನ್‌ಡ್ರೈವ್. ರೀಫೈಂಡ್, ಓಪನ್‌ಕೋರ್‌ನಂಥ ಬೂಟ್‌ಲೋಡರ್ ಬಳಸುವವರು ಇಡೀ ಇಎಫ್‌ಐ ಫೋಲ್ಡರನ್ನು ಫ್ಯಾಟ್32 ಮಾದರಿಯ ಪೆನ್‌ಡ್ರೈವಿಗೆ ನಕಲು ಮಾಡಿ, ಹೊಸ ಆವೃತ್ತಿಯನ್ನು ಮೊದಲು ಅದರಲ್ಲೇ ಹಾಕಬೇಕು. ಯಂತ್ರ ಪೆನ್‌ಡ್ರೈವಿನಿಂದ ಸರಾಗವಾಗಿ ಎದ್ದ ಮೇಲಷ್ಟೇ ಒಳಗಿನ ಡಿಸ್ಕಿಗೆ ಕೈ ಹಾಕಬೇಕು. ಹಳೆಯ ಫೋಲ್ಡರಿನ ಇನ್ನೊಂದು ನಕಲು ಬೇರೆಡೆ ಭದ್ರವಾಗಿರಲಿ. ಬರೀ ವಿಂಡೋಸ್ ಇದ್ದವರಿಗೆ ರಿಕವರಿ ಡ್ರೈವ್, ಲಿನಕ್ಸ್ ಇದ್ದವರಿಗೆ ಅದನ್ನು ಹಾಕಲು ಬಳಸಿದ ಪೆನ್‌ಡ್ರೈವೇ ಆಪತ್ಕಾಲದ ನೆಂಟ.

ಹಲವರು ಎಡವುವುದು ಡ್ರೈವರ್ ಫೋಲ್ಡರಿನಲ್ಲಿ. ಬೂಟ್‌ಲೋಡರಿಗೂ ತನ್ನದೇ ಡ್ರೈವರುಗಳಿವೆ. ಅದಕ್ಕೆ ಪರಿಚಯವಿಲ್ಲದ ಫೈಲ್ ವ್ಯವಸ್ಥೆಯನ್ನು ಓದಿಕೊಡುವುದು ಅವುಗಳ ಮುಖ್ಯ ಕೆಲಸ. ರೀಫೈಂಡ್ ತನ್ನ ಡ್ರೈವರ್ ಫೋಲ್ಡರಿನಲ್ಲಿ ಕಂಡದ್ದನ್ನೆಲ್ಲ ಎಬ್ಬಿಸುತ್ತದೆ. ಇರಲಿ ಎಂದು ತುಂಬಿಟ್ಟ ಡ್ರೈವರುಗಳು ಯಂತ್ರ ಏಳುವುದನ್ನು ನಿಧಾನ ಮಾಡಬಹುದು, ಒಂದಕ್ಕೊಂದು ಜಗಳಕ್ಕೂ ಬೀಳಬಹುದು. ಓಪನ್‌ಕೋರ್ ರೀತಿ ಬೇರೆ. ಸಂರಚನೆಯ ಪಟ್ಟಿಯಲ್ಲಿ ಹೆಸರಿದ್ದರೆ ಮಾತ್ರ ಅದು ಡ್ರೈವರನ್ನು ಕರೆಯುತ್ತದೆ. ಹೆಸರಿದ್ದು ಫೈಲ್ ಇಲ್ಲದಿದ್ದರೆ ದೂರುತ್ತದೆ; ಫೈಲ್ ಇದ್ದು ಹೆಸರಿಲ್ಲದಿದ್ದರೆ ಮೂಸಿಯೂ ನೋಡುವುದಿಲ್ಲ. ಹಾಗಾಗಿ ಅಪ್‌ಡೇಟ್ ಎಂದರೆ ಬೂಟ್‌ಲೋಡರ್, ಜೊತೆಗೆ ಬಂದ ಡ್ರೈವರುಗಳು, ಪಟ್ಟಿ ಮೂರನ್ನೂ ಒಂದೇ ಆವೃತ್ತಿಗೆ ತರುವುದು. ಹೊಸ ಓಪನ್‌ಕೋರ್ ಪಕ್ಕ ಅದರದೇ ಹಳೆಯ ಓಪನ್‌ರನ್‌ಟೈಮ್ ಡ್ರೈವರ್ ಉಳಿದರೂ ಯಂತ್ರ ಅರ್ಧದಲ್ಲೇ ನಿಲ್ಲಬಹುದು.

ಫರ್ಮ್‌ವೇರನ್ನೇ ಬದಲಿಸುವಾಗ ಅಪಾಯ ಇನ್ನೂ ಹತ್ತಿರ. ಚಿಪ್ಪಿಗೆ ಬರೆಯುತ್ತಿರುವಾಗ ಕರೆಂಟು ಹೋದರೆ ಸರಪಳಿಯ ಮೊದಲ ಕೊಂಡಿಯೇ ಕಳಚುತ್ತದೆ. ಎಷ್ಟೋ ಲ್ಯಾಪ್‌ಟಾಪುಗಳು ಚಾರ್ಜರ್ ಸಿಕ್ಕಿಸದೆ ಈ ಕೆಲಸಕ್ಕೆ ಒಪ್ಪದಿರುವುದು ಇದಕ್ಕೇ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಇಲ್ಲದೆ ಮುಟ್ಟಬೇಡಿ.

ಮೊಬೈಲ್ ತಯಾರಕರು ಕ್ಲಾಂಪನ್ನು ಯಂತ್ರದೊಳಗೇ ಕೂರಿಸಿದ್ದಾರೆ. 2016ರ ಆಂಡ್ರಾಯ್ಡ್ 7ರಿಂದ ಹಲವು ಫೋನುಗಳಲ್ಲಿ ವ್ಯವಸ್ಥೆಗೆ ಎರಡು ಮನೆಗಳಿವೆ. ಹೊಸ ಆವೃತ್ತಿಯನ್ನು ಫೋನು ಬಳಕೆಯಲ್ಲಿಲ್ಲದ ಮನೆಗೆ ಬರೆದು ಎಬ್ಬಿಸಿ ನೋಡುತ್ತದೆ. ಏಳದಿದ್ದರೆ ಫೋನು ಹಳೆಯದಕ್ಕೇ ಮರಳುತ್ತದೆ. ನಮ್ಮ ಕಂಪ್ಯೂಟರುಗಳಲ್ಲಿ ಆ ಎರಡನೇ ಮನೆಯನ್ನು ಬಹುಪಾಲು ನಾವೇ ಕಟ್ಟಿಕೊಳ್ಳಬೇಕು.

ಇದು ಹವ್ಯಾಸಿಗಳ ತಲೆನೋವು ಎಂದು ಸುಮ್ಮನಿರುವಂತಿಲ್ಲ. ಬೂಟ್‌ಲೋಡರ್ ಅಸಲಿಯೇ ಎಂದು ನೋಡುವ ಸೆಕ್ಯೂರ್ ಬೂಟ್‌ಗೆ ಮೈಕ್ರೋಸಾಫ್ಟ್ 2011ರಲ್ಲಿ ಕೊಟ್ಟ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯುತ್ತದೆ. 2023ರ ಹೊಸ ಪ್ರಮಾಣಪತ್ರಗಳು ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತವೆ, ಕೆಲವು ಯಂತ್ರಗಳಿಗೆ ಫರ್ಮ್‌ವೇರ್ ಅಪ್‌ಡೇಟ್ ಕೂಡ ಬೇಕು. ಅವನ್ನು ಪಡೆಯದ ಯಂತ್ರಗಳು ಅಂದೇ ನಿಲ್ಲುವುದಿಲ್ಲ, ಆದರೆ ಬೂಟ್ ಹಂತದ ಭದ್ರತಾ ತಿದ್ದುಪಡಿಗಳು ಅವಕ್ಕೆ ಸಿಗುವುದಿಲ್ಲ. ಅಪ್‌ಡೇಟನ್ನು ಮುಂದೂಡುವುದರಿಂದ ಅಪಾಯ ತಪ್ಪದು. ಬಿಟ್‌ಲಾಕರ್ ಕೀಲಿ ಕಾಗದದ ಮೇಲೆ, ಕೆಲಸದ ಫೈಲುಗಳ ನಕಲು ಬೇರೆ ಡಿಸ್ಕಿನಲ್ಲಿ, ಯಂತ್ರವನ್ನು ಎಬ್ಬಿಸಬಲ್ಲದೆಂದು ಪರೀಕ್ಷಿಸಿದ ಪೆನ್‌ಡ್ರೈವ್ ಮೇಜಿನ ಡ್ರಾಯರಿನಲ್ಲಿ ಇದ್ದರೆ, ಅಪ್‌ಡೇಟ್ ಗುಂಡಿ ಒತ್ತಲು ಹೆದರಬೇಕಿಲ್ಲ.