ಕೈಗಡಿಯಾರ ತಿರುಗಿತು, ಮೈಗಡಿಯಾರ?

ಶ್ರೀನಿವಾಸಪುರದಿಂದ ಹೊರಟ ಅಜ್ಜಿ ಕ್ಯಾಲಿಫೋರ್ನಿಯಾದ ಮಗಳ ಮನೆಯನ್ನು ಸುಖವಾಗಿ ಸೇರಿದ್ದಾರೆ. ಬಾಣಂತನಕ್ಕೆಂದು ತಂದ ರಾಗಿಹಿಟ್ಟೂ ಅಂಟಿನುಂಡೆಯೂ ಪೆಟ್ಟಿಗೆಯಿಂದ ಹೊರಬಂದಿವೆ. ಆದರೆ ರಾತ್ರಿ ಎರಡು ಗಂಟೆಗೆ, ಮನೆಯವರೆಲ್ಲ ಮಲಗಿರುವಾಗ, ಅಜ್ಜಿ ಒಬ್ಬರೇ ಅಡಿಗೆಮನೆಯಲ್ಲಿ ಕಾಫಿಗೆ ನೀರಿಡಲು ಪಾತ್ರೆ ಹುಡುಕುತ್ತಿದ್ದಾರೆ. ಮರುದಿನ ಮಧ್ಯಾಹ್ನ ತಟ್ಟೆಯ ಮುಂದೆ ಕುಳಿತಲ್ಲೇ ತೂಕಡಿಕೆ. ಪಾಪ, ಅವರದೇನು ತಪ್ಪು? ಬೇಸಗೆಯಲ್ಲಿ ಅಲ್ಲಿನ ರಾತ್ರಿ ಎರಡು ಗಂಟೆ ಎಂದರೆ ಶ್ರೀನಿವಾಸಪುರದಲ್ಲಿ ಮಧ್ಯಾಹ್ನ ಎರಡೂವರೆ. ವಿಮಾನ ಅವರನ್ನು ಒಂದು ದಿನದೊಳಗೆ ಭೂಮಿಯ ಆಚೆ ಬದಿಗೆ ಒಯ್ದಿತು. ಅವರ ದೇಹ ಮಾತ್ರ ಇನ್ನೂ ಮಾವಿನ ತೋಪಿನ ಬಳಿಯಲ್ಲೇ ಉಳಿದಿದೆ. ಇದನ್ನೇ ಜೆಟ್ ಲ್ಯಾಗ್ ಎನ್ನುವುದು.

ಹಿಂದಿನವರಿಗೆ ಈ ಕಾಟವಿರಲಿಲ್ಲ. ಅಂದು ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ತೆರಳಿದಾಗ ಸಮುದ್ರಯಾನವಲ್ಲದೆ ಬೇರೆ ದಾರಿಯಿರಲಿಲ್ಲ. ಹಡಗು ನಿಧಾನವಾಗಿ ಸಾಗುತ್ತಿದ್ದುದರಿಂದ ಹೊತ್ತು ದಿನಕ್ಕಿಷ್ಟು ಎಂದು ಬದಲಾಗುತ್ತಿತ್ತು. ಅದರ ಜೊತೆಗೇ ದೇಹವೂ ಹೊಂದಿಕೊಳ್ಳುತ್ತಿತ್ತು. ಇಂದು ಹಾಗಿಲ್ಲ. 2021ರ ಜನವರಿಯಲ್ಲಿ ಮಹಿಳೆಯರೇ ನಡೆಸಿದ ಏರ್ ಇಂಡಿಯಾ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮಾರ್ಗವಾಗಿ, ನಡುವೆ ಎಲ್ಲಿಯೂ ನಿಲ್ಲದೆ ಬೆಂಗಳೂರಿಗೆ ಬಂದಿಳಿಯಿತು. ಸುಮಾರು 14,000 ಕಿಲೋಮೀಟರುಗಳ ದೂರ! ಅಷ್ಟು ವೇಗವನ್ನು ತಾಳಿಕೊಳ್ಳುವಂತೆ ಮನುಷ್ಯನ ಮೈ ರಚಿತವಾಗಿಲ್ಲ.

ಮೈಯೊಳಗಿನ ಈ ಗಡಿಯಾರ ಕವಿಕಲ್ಪನೆಯೇನೂ ಅಲ್ಲ. ಮಿದುಳಿನ ತಳದಲ್ಲಿ, ಕಣ್ಣಿನ ನರಗಳು ಒಂದನ್ನೊಂದು ಹಾಯುವ ಸ್ಥಳದ ಮೇಲ್ಗಡೆ, ಸುಮಾರು ಇಪ್ಪತ್ತು ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ನಿದ್ದೆ, ಹಸಿವು, ಮೈಶಾಖ, ಗ್ರಂಥಿಗಳ ಸ್ರಾವ ಇವೆಲ್ಲಕ್ಕೂ ಹೊತ್ತು ಗೊತ್ತುಮಾಡುವುದು ಅದೇ. ಅದನ್ನು ಅದರಷ್ಟಕ್ಕೇ ಬಿಟ್ಟರೆ ಇಪ್ಪತ್ತನಾಲ್ಕು ಗಂಟೆಗಿಂತ ತುಸು ನಿಧಾನವಾಗಿಯೇ ನಡೆಯುತ್ತದೆ. ಪ್ರತಿದಿನವೂ ಅದನ್ನು ತಿದ್ದಿ ಸರಿಪಡಿಸುವುದು ಬೆಳಕು. ಇಂತಹ ಗಡಿಯಾರ ಜೀವಕೋಶಗಳಲ್ಲಿ ಹೇಗೆ ನಡೆಯುತ್ತದೆಂಬುದನ್ನು ಹಣ್ಣುನೊಣದಲ್ಲಿ ಕಂಡುಹಿಡಿದ ಹಾಲ್, ರಾಸ್‌ಬಾಷ್, ಯಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಬೆಳಕಿನ ಈ ಮಹಿಮೆಯನ್ನು ಕೋಲಾರ, ಮಾಲೂರು, ಮುಳಬಾಗಿಲಿನ ರೇಷ್ಮೆ ಬೆಳೆಗಾರರಿಗೆ ನೊಬೆಲ್ ಪಂಡಿತರು ಬಂದು ಹೇಳಬೇಕಾಗಿಲ್ಲ. ಮೊಟ್ಟೆಗಳ ಮೇಲೆ ಕಪ್ಪು ಚುಕ್ಕೆ ಕಾಣುತ್ತಲೇ ಅವನ್ನು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲಲ್ಲಿಡುತ್ತಾರೆ. ಒಂದೆರಡು ದಿನ ಕಳೆದ ಮೇಲೆ ನಸುಕಿನಲ್ಲಿ ಕಾಗದ ಬಿಚ್ಚಿ ಬೆಳಕಿಗೊಡ್ಡಿದರೆ ಹುಳುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಹೊರಬರುತ್ತವೆ. ಗೂಡಿನಿಂದ ಚಿಟ್ಟೆ ಹೊರಡುವುದೂ ಬೆಳಗಿನ ಹೊತ್ತಿನಲ್ಲೇ. ಅಮೆರಿಕದ ಟ್ರೂಮನ್ ಮತ್ತು ರಿಡಿಫರ್ಡ್ ಎಂಬ ವಿಜ್ಞಾನಿಗಳು 1970ರಲ್ಲಿ ಪ್ರಕಟಿಸಿದ ಪ್ರಯೋಗ ಇನ್ನೂ ಸ್ವಾರಸ್ಯಕರ. ಬೆಳಿಗ್ಗೆ ಗೂಡೊಡೆಯುವ ಒಂದು ಜಾತಿಯ ಕಾಡುರೇಷ್ಮೆ ಚಿಟ್ಟೆಗೂ ಸಂಜೆಯ ಕಡೆ ಗೂಡೊಡೆಯುವ ಮತ್ತೊಂದು ಜಾತಿಗೂ ಅವರು ಮಿದುಳನ್ನು ಅದಲುಬದಲು ಮಾಡಿದರು. ಮಿದುಳು ಯಾರದೋ ಅವರ ಹೊತ್ತಿಗೇ ಚಿಟ್ಟೆ ಹೊರಬಂದಿತು!

ಅಜ್ಜಿಗೆ ಮಿದುಳು ಬದಲಾಯಿಸುವಂತಿಲ್ಲ, ಬೆಳಕನ್ನಾದರೂ ಬಳಸಬಹುದು. ಕ್ಯಾಲಿಫೋರ್ನಿಯಾಕ್ಕೂ ನಮಗೂ ಕಾಲವ್ಯತ್ಯಾಸ ಬೇಸಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ. ಹಗಲು ರಾತ್ರಿಯಾಗಿ ತಿರುಗಿರುವಾಗ ಸೂಕ್ಷ್ಮ ಲೆಕ್ಕಾಚಾರ ಬೇಡ: ಹಗಲಿನಲ್ಲಿ ಹೊರಗೆ ಓಡಾಡುವುದು, ರಾತ್ರಿ ಕೋಣೆಯನ್ನು ಕತ್ತಲೆಯಾಗಿಡುವುದು, ಅಲ್ಲಿನ ಊಟದ ವೇಳೆಗೇ ಊಟ ಮಾಡುವುದು. ತಡೆಯಲಾರದ ನಿದ್ದೆ ಬಂದರೆ ಅರ್ಧ ಗಂಟೆ ಮಲಗಿ ಏಳಬಹುದು. ಮೂರು ಗಂಟೆ ಮಲಗಿದರೆ ಆ ರಾತ್ರಿ ಶಿವರಾತ್ರಿಯೇ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ಕೋಲಾರದ ಕಡೆಯವರಿಗೆ ಇದು ಕಠಿಣ ಶಿಕ್ಷೆಯೆಂಬುದು ನಿಜ!

ಹತ್ತಿರದ ದೇಶಗಳಿಗೆ ಹೋಗುವವರು ಮಾತ್ರ ದಿಕ್ಕನ್ನು ನೋಡಬೇಕು. ಊರಿನ ನಸುಕಿನ ಸುಮಾರು ನಾಲ್ಕು ಗಂಟೆಗೆ ಮೈಶಾಖ ಅತಿ ಕಡಿಮೆ. ಅದಕ್ಕೆ ಮುಂಚೆ ಕಂಡ ಬೆಳಕು ಗಡಿಯಾರವನ್ನು ಹಿಂದಕ್ಕೆ ಸರಿಸುತ್ತದೆ, ಆಮೇಲೆ ಕಂಡದ್ದು ಮುಂದಕ್ಕೆ ತಳ್ಳುತ್ತದೆ. ಲಂಡನ್ನಿಗೆ ಹೋದವರು ಸಂಜೆಯ ಬೆಳಕಿನಲ್ಲಿ ತಿರುಗಾಡಿದರೆ ಸಾಕು. ಮೆಲ್ಬೋರ್ನಿನಲ್ಲಿ ನಮ್ಮ ನಾಲ್ಕು ಗಂಟೆಯೆಂದರೆ ಅಲ್ಲಿನ ಎಂಟೂವರೆ ಅಥವಾ ಒಂಬತ್ತೂವರೆ. ಮೊದಲ ಒಂದೆರಡು ದಿನ ಬೆಳಗಾಗುತ್ತಲೇ ವಾಕಿಂಗ್ ಹೊರಟರೆ ತೊಂದರೆ ಹೆಚ್ಚೀತು. ತುಸು ಹೊತ್ತೇರಿದ ಮೇಲೆ ಹೊರಡುವುದು ಲೇಸು. ಪೂರ್ವಕ್ಕೆ ಹೋಗುವ ಪ್ರಯಾಣವೇ ಬಹುತೇಕರಿಗೆ ಹೆಚ್ಚು ಕಷ್ಟ; ಗಂಟೆಗೊಂದು ದಿನದಂತೆ ಕಾಲಾವಕಾಶ ಬೇಕೆಂಬುದು ಸ್ಥೂಲ ಲೆಕ್ಕ.

ನಿದ್ದೆಗೆಟ್ಟರೆ ಬೇಸರ ಅಷ್ಟೇ ಎಂದು ನಗುವಂತಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವವರಿಗೆ ಇದು ಜೀವದ ಪ್ರಶ್ನೆ. ಪಶ್ಚಿಮಕ್ಕೆ ಹಾರುವಾಗ ದಿನ ಉದ್ದವಾಗುತ್ತದೆ, ಪೂರ್ವಕ್ಕೆ ಬರುವಾಗ ಗಿಡ್ಡವಾಗುತ್ತದೆ. ಎರಡು ಚುಚ್ಚುಮದ್ದುಗಳ ನಡುವಣ ಅಂತರವೂ ಅದರಂತೆ ಏರುಪೇರಾಗುತ್ತದೆ. ಹೊರಡುವುದಕ್ಕೆ ಕೆಲವು ವಾರ ಮುಂಚೆಯೇ ಪ್ರಯಾಣದ ವೇಳಾಪಟ್ಟಿಯನ್ನು ವೈದ್ಯರಿಗೆ ತೋರಿಸಿ, ಯಾವ ಹೊತ್ತಿಗೆ ಎಷ್ಟು ಎಂದು ಬರೆಸಿಕೊಳ್ಳಬೇಕು. ಔಷಧವೂ ಚೀಟಿಯೂ ಕೈಚೀಲದಲ್ಲೇ ಇರಲಿ. ಸರಕಿನ ಜೊತೆಗೆ ಹಾಕಿದ ಇನ್ಸುಲಿನ್ ಚಳಿಗೆ ಹೆಪ್ಪುಗಟ್ಟಿ ಕೆಡಬಹುದು. ನಿದ್ದೆಗುಳಿಗೆಯನ್ನಾಗಲಿ ಮೆಲಟೋನಿನ್ ಗುಳಿಗೆಯನ್ನಾಗಲಿ ಯಾರೋ ನುಂಗಿದರೆಂದು ತಾವೂ ನುಂಗುವುದು ಸಲ್ಲದು.

ಇನ್ನು ಆ ಹಸುಗೂಸು. ಹುಟ್ಟಿದ ಮೊದಲ ವಾರಗಳಲ್ಲಿ ಮಗುವಿಗೆ ಹಗಲಿರುಳಿನ ಭೇದವೇ ತಿಳಿಯದು. ಅದರ ಗಡಿಯಾರ ಸ್ಥಿರವಾಗಲು ಎರಡು ಮೂರು ತಿಂಗಳು ಬೇಕು. ಹಾಗಾಗಿ ಮನೆಯಲ್ಲಿ ರಾತ್ರಿ ಎರಡಕ್ಕೆ ಎಚ್ಚರವಿರುವವರು ಇಬ್ಬರು! ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಅಜ್ಜಿ ಕುಳಿತರೆ ಬಾಣಂತಿಗೆ ಎರಡು ಗಂಟೆಯ ನಿದ್ದೆ ದೊರೆಯುತ್ತದೆ. ಆದರೆ ಅಜ್ಜಿಗೆ ತೂಕಡಿಕೆ ಹತ್ತುತ್ತಲೇ ಮಗುವನ್ನು ತೊಟ್ಟಿಲಿಗೆ ಹಾಕಬೇಕು. ಬಿಸಿನೀರಿನಲ್ಲಿ ಎರೆಯುವ ಕೆಲಸವನ್ನಂತೂ ನಾಲ್ಕಾರು ದಿನ ಮುಂದಕ್ಕೆ ಹಾಕುವುದೇ ಕ್ಷೇಮ. ಅರೆನಿದ್ದೆಯ ಕೈಗೆ ನೀರಿನ ಬಿಸಿ ಸರಿಯಾಗಿ ತಿಳಿಯದು.

ಊರಿಗೆ ಮರಳುವಾಗಲೂ ಇದೇ ಎಚ್ಚರ ಬೇಕು. ದೇವನಹಳ್ಳಿಯಲ್ಲಿ ಇಳಿದ ಮಗ, ದಾರಿ ಪರಿಚಯವಿದೆಯೆಂದು ತಾನೇ ಕಾರು ನಡೆಸಿಕೊಂಡು ಶ್ರೀನಿವಾಸಪುರಕ್ಕೋ ಮುಳಬಾಗಿಲಿಗೋ ಹೊರಡಬಾರದು. ಬೇರೊಬ್ಬರು ನಡೆಸಲಿ, ಅವನು ಹಿಂದಿನ ಸೀಟಿನಲ್ಲಿ ಮಲಗಲಿ. ನೋಡಲು ಬರುವ ನೆಂಟರಿಷ್ಟರು ಮೂರು ದಿನ ತಡೆದು ಬಂದರೆ, ಅವರು ತಂದ ಹಣ್ಣನ್ನು ತಿನ್ನಲು ಆತ ಎಚ್ಚರವಾಗಿಯೇ ಇರುತ್ತಾನೆ.