ಬೆಟ್ಟದ ಕೆಳಗಿನ ಬೆಳಗೊಳ

ಶ್ರವಣಬೆಳಗೊಳದಲ್ಲಿ ಬಸ್ಸಿಳಿದವರು ಚಪ್ಪಲಿ ಬಿಟ್ಟು ನೇರ ದೊಡ್ಡಬೆಟ್ಟ ಹತ್ತುತ್ತಾರೆ. ಗೊಮ್ಮಟನನ್ನು ಕಂಡು, ಇಳಿದು, ಎಳನೀರು ಕುಡಿದು ಹೊರಟೇಬಿಡುತ್ತಾರೆ. ಕಲ್ಯಾಣಿಯ ಸುತ್ತಲಿನ ಊರೊಳಗೆ ಕಾಲಿಡುವವರು ಕಡಿಮೆ. ಚನ್ನರಾಯಪಟ್ಟಣ ತಾಲ್ಲೂಕಿನ ಈ ಊರು ಜೈನರ ಕಾಶಿಯೇನೋ ಹೌದು, ಆದರೆ ಇದರ ಕಥೆ ಜೈನರೊಬ್ಬರದ್ದೇ ಅಲ್ಲ.

ಊರೊಳಗಿನ ಅಕ್ಕನ ಬಸದಿಯನ್ನೇ ನೋಡಿ. 1181ರಲ್ಲಿ ಅದನ್ನು ಕಟ್ಟಿಸಿದವಳು ಆಚಿಯಕ್ಕ. ಗಂಡ ಚಂದ್ರಮೌಳಿ ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳನ ಮಂತ್ರಿ, ಅಪ್ಪಟ ಶಿವಭಕ್ತ. ಹೆಂಡತಿಯ ಪಾರ್ಶ್ವನಾಥನ ಪೂಜೆಗೆಂದು ದೊರೆಯಲ್ಲಿ ಒಂದು ಹಳ್ಳಿಯನ್ನು ಬೇಡಿ ಪಡೆದವನು ಅವನೇ! ಅದಕ್ಕೂ ಮುಂಚೆ ಹೊಯ್ಸಳ ರಾಣಿ ಶಾಂತಲೆಯ ತವರೂ ಹೀಗೆಯೇ ಇತ್ತು. ಅಪ್ಪ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು. ಮಗಳು ಶಿವಗಂಗೆಯಲ್ಲಿ ತೀರಿಕೊಂಡ ಮೇಲೆ ತಾಯಿ ಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ದೇಹ ಬಿಟ್ಟಳು.

ಹಾಗೆಂದು ಎಲ್ಲರೂ ಹಾಲುಜೇನಿನಂತೆ ಇದ್ದರೆಂದು ಹೇಳಿದರೆ ಕಲ್ಲುಗಳೇ ನಕ್ಕಾವು. ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳ 1159ರಲ್ಲಿ ಕಟ್ಟಿಸಿದ ಭಂಡಾರಿ ಬಸದಿಯಲ್ಲಿ 1368ರ ಶಾಸನವೊಂದಿದೆ. ಅದು ಹುಟ್ಟಿದ್ದೇ ಜಗಳದಿಂದ. ಶ್ರೀವೈಷ್ಣವರು ತಮಗೆ ಅನ್ಯಾಯ ಮಾಡುತ್ತಿದ್ದಾರೆಂದು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹದ ಜೈನರು ವಿಜಯನಗರದ ಬುಕ್ಕರಾಯನಿಗೆ ದೂರು ಕೊಟ್ಟರು. ಬುಕ್ಕ ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಯ ಆಚಾರ್ಯರನ್ನೂ ತಿರುಕುಲ, ಜಾಂಬವಕುಲವೆಂಬ ಸಮುದಾಯಗಳವರನ್ನೂ ಸೇರಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ. ಪಂಚಮಹಾವಾದ್ಯ, ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು. ಅವರಿಗಾಗುವ ಕೇಡನ್ನು ವೈಷ್ಣವರು ತಮ್ಮ ಕೇಡೆಂದೇ ಎಣಿಸಬೇಕು.

ಬರೀ ಉಪದೇಶವಾಗಿದ್ದರೆ ಇದನ್ನು ಇಷ್ಟು ಹೇಳಬೇಕಿರಲಿಲ್ಲ. ನನಗೆ ಹಿಡಿಸುವುದು ಮುಂದಿನ ಲೆಕ್ಕಾಚಾರ. ರಾಜ್ಯದ ಜೈನರು ಮನೆಗೆ ವರ್ಷಕ್ಕೊಂದು ಹಣದಂತೆ (ಹಣ ಎಂದರೆ ಆಗಿನ ಒಂದು ನಾಣ್ಯ) ಕೊಡಬೇಕು. ಅದನ್ನು ಎತ್ತುವವರು ತಿರುಮಲೆಯ ತಾತಯ್ಯ, ಅಂದರೆ ವೈಷ್ಣವರು! ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನಿಡಬೇಕು. ಮಿಕ್ಕ ಹಣದಲ್ಲಿ ಹಾಳುಬಿದ್ದ ಬಸದಿಗಳಿಗೆ ಸುಣ್ಣ ಬಳಿಸಬೇಕು. ತಪ್ಪಿದವನು ರಾಜದ್ರೋಹಿ.

ಶಾಸನದ ಕೊನೆಗೆ ಕಲ್ಲೆಹದ ಬುಸುವಿ ಸೆಟ್ಟಿಯ ಹೆಸರು ಬರುತ್ತದೆ. ದೊರೆಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆತಂದು, ಜೀರ್ಣೋದ್ಧಾರ ಮಾಡಿಸಿದವನು. ಅವನಿಗೆ ಸಂಘನಾಯಕನೆಂಬ ಪಟ್ಟ ಕಟ್ಟಿದವರು ಜೈನರೂ ವೈಷ್ಣವರೂ ಕೂಡಿ. ಕಲ್ಲೆಹ ಎಂದರೆ ಮಾಗಡಿ ಸೀಮೆಯ ಇಂದಿನ ಕಲ್ಯ. ಇದೇ ತೀರ್ಪಿನ ಇನ್ನೊಂದು ಕಲ್ಲು ಅಲ್ಲಿದೆ.