ಸ್ವಾತಿ ಎಷ್ಟು ದೊಡ್ಡದು?

ಸ್ವಾತಿ ಎಂಬ ಹೆಸರಿನ ಒಬ್ಬಳಾದರೂ ಹುಡುಗಿ ಇಲ್ಲದ ಶಾಲೆ ನಮ್ಮ ಗಡಿ ಕಡೆ ಅಪರೂಪ. ಹಾಜರಿ ಪುಸ್ತಕವನ್ನು ಕನ್ನಡದಲ್ಲಿ ಬರೆದರೂ ತಮಿಳಿನಲ್ಲಿ ಬರೆದರೂ ಹೆಸರು ಅದೇ. ತಮಿಳರು ಸುವಾದಿ ಎನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಅಕ್ಟೋಬರ್ ಕೊನೆಗೆ ಸ್ವಾತಿ ಮಳೆ ಹಿಡಿಯಿತೇ ಇಲ್ಲವೇ ಎಂದು ಹಿರಿಯರು ಕೇಳುತ್ತಾರೆ. ಸ್ವಾತಿ ಮಳೆಯ ಹನಿ ಚಿಪ್ಪಿನೊಳಗೆ ಬಿದ್ದು ಮುತ್ತಾಗುತ್ತದೆ ಎಂಬ ಮಾತನ್ನು ಅಜ್ಜಿಯರು ಹೇಳುತ್ತಾರೆ. ಹೆಸರು ಇಷ್ಟು ಬಳಕೆಯಲ್ಲಿದೆ. ಆದರೆ ಪೋಷಕರೇ, ಆ ನಕ್ಷತ್ರವನ್ನು ಬೆರಳು ಚಾಚಿ ತೋರಿಸಬಲ್ಲವರು ಎಷ್ಟು ಮನೆಯಲ್ಲಿದ್ದಾರೆ?

ಇದನ್ನು ಕೇಳಲು ಕಾರಣವಿದೆ. ನಾನು ಶಾಲೆಯಲ್ಲಿದ್ದಾಗಲೂ, ನಿವೃತ್ತನಾದ ಮೇಲೂ, ತಂದೆತಾಯಿಯರು ಕೇಳುವ ಪ್ರಶ್ನೆ ಒಂದೇ: "ಮೇಷ್ಟ್ರೇ, ಕನ್ನಡದಲ್ಲಿ ಓದಿದರೆ ಮುಂದೆ ವಿಜ್ಞಾನ ಹತ್ತುತ್ತದೆಯೇ?" ವಾದ ಮಾಡಿ ಇದಕ್ಕೆ ಉತ್ತರ ಕೊಡುವುದು ನನಗೆ ಇಷ್ಟವಿಲ್ಲ. ಒಂದು ಸಂಜೆ ಮಗುವಿನ ಜೊತೆ ತಾರಸಿ ಹತ್ತಿ, ಸ್ವಾತಿಯನ್ನು ತೋರಿಸಿ, ಅದು ಎಷ್ಟು ದೊಡ್ಡದೆಂದು ಮನೆಮಾತಿನಲ್ಲೇ ಲೆಕ್ಕ ಹಾಕಿ ನೋಡಿ. ಆಮೇಲೆ ನೀವೇ ತೀರ್ಮಾನಿಸಿ.

ಹುಡುಕುವುದು ಸುಲಭ. ಮೇ ತಿಂಗಳಲ್ಲಿ ರಾತ್ರಿ ಊಟವಾದ ಮೇಲೆ ಉತ್ತರಕ್ಕೆ ಮುಖ ಮಾಡಿ ನಿಲ್ಲಿ. ಬೋರಲು ಹಾಕಿದ ಸೌಟಿನಂತೆ ಏಳು ನಕ್ಷತ್ರಗಳು ಕಾಣುತ್ತವೆ; ಅದು ಸಪ್ತರ್ಷಿ ಮಂಡಲ. ಸೌಟಿನ ಹಿಡಿ ನೇರವಾಗಿಲ್ಲ, ಬಿಲ್ಲಿನಂತೆ ಬಾಗಿದೆ. ಆ ಬಾಗನ್ನೇ ಹಿಡಿದು ಮುಂದಕ್ಕೆ, ಚಾಚಿದ ಕೈಯ ಮೂರು ಮುಷ್ಟಿಯಷ್ಟು ಸಾಗಿದರೆ ಕಿತ್ತಳೆ ಬಣ್ಣದ ದೊಡ್ಡ ಚುಕ್ಕಿ ಸಿಗುತ್ತದೆ. ಅದೇ ಸ್ವಾತಿ. ಅದೇ ಬಾಗಿನಲ್ಲಿ ಇನ್ನೂ ಮೂರು ಮುಷ್ಟಿ ಹೋದರೆ ಬೆಳ್ಳಗೆ ಹೊಳೆಯುವ ಚಿತ್ತಾ. ಏಪ್ರಿಲ್ ಕೊನೆಯಲ್ಲಿ ಒಂಬತ್ತು ಗಂಟೆಗೆ ಸ್ವಾತಿ ಪೂರ್ವದಲ್ಲಿರುತ್ತದೆ. ಜೂನ್ ನಡುವಿನ ಹೊತ್ತಿಗೆ ಅದೇ ಸಮಯಕ್ಕೆ ನೆತ್ತಿಯ ಹತ್ತಿರ. ಸ್ವಾತಿ ಮಳೆಯ ದಿನಗಳಲ್ಲಿ ಮಾತ್ರ ರಾತ್ರಿ ಹುಡುಕಬೇಡಿ. ಆಗ ಸೂರ್ಯ ಆ ಕಡೆಗೇ ಇರುತ್ತಾನೆ, ಮಳೆಗೆ ಆ ಹೆಸರು ಬಂದದ್ದೇ ಅದರಿಂದ. ಇನ್ನೊಂದು ಮಾತು: ತಾಳವಾಡಿ ಕಡೆಯವರು ಕತ್ತಲೆ ಚೆನ್ನಾಗಿರುತ್ತದೆಂದು ಊರಾಚೆ ಹೊಲಕ್ಕೆ ಹೋಗಬೇಡಿ, ಆನೆ ಓಡಾಡುವ ಜಾಗ. ಮನೆಯ ತಾರಸಿ ಸಾಕು. ಹೊಸೂರಿನ ದೀಪಗಳ ನಡುವೆಯೂ ಸ್ವಾತಿ ಕಾಣುತ್ತದೆ. ಸೂರ್ಯನನ್ನು ಬಿಟ್ಟರೆ ನಮ್ಮ ಆಕಾಶದಲ್ಲಿ ಅದಕ್ಕಿಂತ ಪ್ರಕಾಶವಾದ ನಕ್ಷತ್ರಗಳು ಮೂರೇ.

ಈಗ ಮಗುವಿಗೆ ಒಂದು ಪ್ರಶ್ನೆ ಹಾಕಿ: ಕಿತ್ತಳೆ ಸ್ವಾತಿ, ಬಿಳಿ ಚಿತ್ತಾ, ಎರಡರಲ್ಲಿ ಯಾವುದು ಹೆಚ್ಚು ಬಿಸಿ? ಹೆಚ್ಚಿನ ಮಕ್ಕಳು ಸ್ವಾತಿ ಎನ್ನುತ್ತಾರೆ. ಬಿಸಿನೀರಿನ ನಲ್ಲಿಗೆ ಕೆಂಪು ಗುರುತು ಇರುತ್ತದಲ್ಲ! ಕುಲುಮೆಯ ಮುಂದೆ ನಿಂತು ನೋಡಿದ ಮಗು ಮಾತ್ರ ಸರಿಯಾಗಿ ಹೇಳುತ್ತದೆ. ಕಬ್ಬಿಣ ಮೊದಲು ಕೆಂಪಾಗುತ್ತದೆ, ಆಮೇಲೆ ಕಿತ್ತಳೆ, ಹಳದಿ, ಕೊನೆಗೆ ಬಿಳಿ. ಬೆಳ್ಳಗಾದಷ್ಟೂ ಬಿಸಿ ಹೆಚ್ಚು. ನಕ್ಷತ್ರಕ್ಕೂ ಇದೇ ನಿಯಮ. ಚಿತ್ತಾದ ಮೇಲ್ಮೈ 20,000 ಡಿಗ್ರಿಗೂ ಮೇಲೆ. ನಮ್ಮ ಸೂರ್ಯನದು ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಸ್ವಾತಿಯದು ಸುಮಾರು 4,000. ಅಂದರೆ ಸ್ವಾತಿ ಸೂರ್ಯನಿಗಿಂತ ತಣ್ಣಗಿದೆ.

ತಣ್ಣಗಿರುವ ನಕ್ಷತ್ರ ಇಷ್ಟು ಪ್ರಕಾಶವಾಗಿ ಕಾಣುವುದು ಹೇಗೆ? ಹತ್ತಿರ ಇರಬಹುದೇ? ಅದನ್ನೂ ಅಳೆದಿದ್ದಾರೆ. ಮಗುವಿಗೆ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಲು ಹೇಳಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಸರಿಯುತ್ತದೆ. ಕೈ ಚಾಚಿದಷ್ಟೂ ಸರಿತ ಕಡಿಮೆ. ಖಗೋಳ ವಿಜ್ಞಾನಿಗಳು ಎರಡು ಕಣ್ಣುಗಳ ಬದಲು ಭೂಮಿಯ ಕಕ್ಷೆಯ ಎರಡು ತುದಿಗಳನ್ನು ಬಳಸುತ್ತಾರೆ: ಇಂದು ಒಮ್ಮೆ, ಆರು ತಿಂಗಳು ಬಿಟ್ಟು 30 ಕೋಟಿ ಕಿ.ಮೀ. ಆಚೆಯಿಂದ ಇನ್ನೊಮ್ಮೆ. ಯೂರೋಪಿನ ಹಿಪ್ಪಾರ್ಕಸ್ ಉಪಗ್ರಹ ಹೀಗೆ ಅಳೆದ ಲೆಕ್ಕದಂತೆ ಸ್ವಾತಿ 36.7 ಜ್ಯೋತಿರ್ವರ್ಷ ದೂರದಲ್ಲಿದೆ, ಸುಮಾರು 347 ಲಕ್ಷ ಕೋಟಿ ಕಿ.ಮೀ. ಇಂದು ರಾತ್ರಿ ನಿಮ್ಮ ಕಣ್ಣಿಗೆ ಬೀಳುವ ಬೆಳಕು ಸ್ವಾತಿಯಿಂದ ಹೊರಟದ್ದು ಸುಮಾರು 37 ವರ್ಷದ ಹಿಂದೆ. ನಿಮ್ಮಲ್ಲಿ ಕೆಲವರು ಆಗ ತೊಟ್ಟಿಲಲ್ಲಿದ್ದಿರಿ, ಕೆಲವರು ಸ್ಲೇಟಿನ ಮೇಲೆ ಅಕ್ಷರ ತಿದ್ದುತ್ತಿದ್ದಿರಿ. ಮಗುವಿಗೆ ಜ್ಯೋತಿರ್ವರ್ಷ ಎಂದರೆ ಏನೆಂದು ತಿಳಿಸಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಈ ಬೆಳಕಿನ ಮೇಲೆ ಅಮೆರಿಕದ ಚಿಕಾಗೋದವರು ಒಂದು ಆಟವನ್ನೇ ಆಡಿದರು. ಅಲ್ಲಿ 1893ರಲ್ಲಿ ಒಂದು ದೊಡ್ಡ ವಸ್ತುಪ್ರದರ್ಶನ ನಡೆದಿತ್ತು. 1933ರಲ್ಲಿ ಮತ್ತೊಂದು ಮಾಡಿದಾಗ, ಸ್ವಾತಿ 40 ಜ್ಯೋತಿರ್ವರ್ಷ ದೂರದಲ್ಲಿದೆ ಎಂದು ಆಗಿನ ಲೆಕ್ಕ. ಹಳೆಯ ಪ್ರದರ್ಶನದ ಕಾಲಕ್ಕೆ ಹೊರಟ ಬೆಳಕು ಈಗ ಬಂದಿದೆ ಎಂದುಕೊಂಡು, ಅದನ್ನು ದೂರದರ್ಶಕದಲ್ಲಿ ಹಿಡಿದು, ಬೆಳಕಿಗೆ ವಿದ್ಯುತ್ ಹುಟ್ಟಿಸುವ ಕೋಶದ ಮೇಲೆ ಬೀಳಿಸಿ, ಮೇ 27ರ ರಾತ್ರಿ ಪ್ರದರ್ಶನದ ದೀಪಗಳನ್ನು ಹೊತ್ತಿಸಿದರು. ಈಗಿನ ಲೆಕ್ಕಕ್ಕೆ ಆ ಬೆಳಕು ಹೊರಟದ್ದು 1896ರಲ್ಲಿ. ಮೂರು ವರ್ಷ ತಪ್ಪಿತು. ದೀಪ ಹತ್ತಿತಲ್ಲ, ಬಿಡಿ.

ದೂರ ತಿಳಿದರೆ ನಿಜವಾದ ಪ್ರಕಾಶ ತಿಳಿಯುತ್ತದೆ. ಸೂರ್ಯನನ್ನೂ ಸ್ವಾತಿಯನ್ನೂ ಒಂದೇ ದೂರದಲ್ಲಿ ನಿಲ್ಲಿಸಿದರೆ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಸ್ವಾತಿ ಸೂರ್ಯನ 110 ಪಟ್ಟಿಗೂ ಹೆಚ್ಚು. ಕಣ್ಣಿಗೆ ಕಾಣದ, ಚರ್ಮಕ್ಕೆ ತಾಗುವ ಕಾವನ್ನೂ ಸೇರಿಸಿದರೆ ಸುಮಾರು 180 ಪಟ್ಟು.

ಒಂಬತ್ತು, ಹತ್ತನೇ ತರಗತಿಯ ಮಕ್ಕಳಿರುವ ಮನೆಯವರು ಈಗ ಕಾಗದ, ಪೆನ್ಸಿಲು ತೆಗೆದುಕೊಳ್ಳಿ. ಒಂದು ಬಿಸಿ ವಸ್ತುವಿನ ಮೇಲ್ಮೈಯ ಪ್ರತಿ ಚದರ ಮೀಟರಿನಿಂದ ಹೊರಡುವ ಶಕ್ತಿ ಅದರ ತಾಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಇರುತ್ತದೆ. ಸ್ಟೆಫಾನ್ ಎಂಬ ವಿಜ್ಞಾನಿ 1879ರಲ್ಲಿ ಕಂಡುಕೊಂಡ ನಿಯಮ ಇದು. ಇಲ್ಲಿ ತಾಪವನ್ನು ಕೆಲ್ವಿನ್ ಮಾನದಲ್ಲಿ ಹಿಡಿಯಬೇಕು. ಸೂರ್ಯನಿಗೆ 5,770, ಸ್ವಾತಿಗೆ 4,290. ಭಾಗಿಸಿದರೆ 0.74. ಅದನ್ನು ಅದರಿಂದಲೇ ಗುಣಿಸಿದರೆ 0.55ರ ಹತ್ತಿರ, ಬಂದದ್ದನ್ನು ಮತ್ತೆ ಅದರಿಂದಲೇ ಗುಣಿಸಿದರೆ 0.30. ಅಂದರೆ ಒಂದೊಂದು ಚದರ ಮೀಟರಿಗೆ ಲೆಕ್ಕ ಹಾಕಿದರೆ ಸ್ವಾತಿ ಕೊಡುವುದು ಸೂರ್ಯ ಕೊಡುವುದರ ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆದರೂ ಒಟ್ಟು 180 ಪಟ್ಟು ಕೊಡುತ್ತಿದೆ. ಹಾಗಿದ್ದರೆ ಮೇಲ್ಮೈ ಎಷ್ಟು ದೊಡ್ಡದಿರಬೇಕು? 180ನ್ನು 0.30ರಿಂದ ಭಾಗಿಸಿ: 600 ಪಟ್ಟು. ಗೋಳದ ಮೇಲ್ಮೈ ತ್ರಿಜ್ಯದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆಂದು ಮಗು ಗಣಿತದಲ್ಲಿ ಕಲಿತಿದೆ. 600ರ ವರ್ಗಮೂಲ 24.5.

ಸ್ವಾತಿ ಸೂರ್ಯನಿಗಿಂತ ಸುಮಾರು 25 ಪಟ್ಟು ಅಗಲ. ಈ ಲೆಕ್ಕದಲ್ಲಿ ನಿಮ್ಮ ಮಗುವಿಗೆ ಗೊತ್ತಿಲ್ಲದ ಗಣಿತ ಯಾವುದಿತ್ತು ಹೇಳಿ.

ಇದು ಊಹೆಯಲ್ಲ, ಬೇರೆ ದಾರಿಯಿಂದಲೂ ತಾಳೆ ನೋಡಿದ್ದಾರೆ. ಹಲವು ದೂರದರ್ಶಕಗಳ ಬೆಳಕನ್ನು ಒಂದುಗೂಡಿಸಿ ಸ್ವಾತಿಯ ತಟ್ಟೆಯ ಅಗಲವನ್ನೇ ನೇರವಾಗಿ ಅಳೆದಾಗ ಸಿಕ್ಕ ಕೋನ ಒಂದು ಡಿಗ್ರಿಯ 3,600ನೇ ಭಾಗದಲ್ಲಿ ನೂರಕ್ಕೆ ಎರಡರಷ್ಟು. ಬೆಂಗಳೂರಿನಲ್ಲಿ ಒಬ್ಬರು ಎತ್ತಿ ಹಿಡಿದ ಒಂದು ರೂಪಾಯಿ ನಾಣ್ಯವನ್ನು ಕೊಯಮತ್ತೂರಿನಿಂದ ನೋಡಿದರೆ ಹೇಗೋ ಹಾಗೆ. ದೂರವನ್ನು ಸೇರಿಸಿ ಲೆಕ್ಕ ಹಾಕಿದರೆ ಮತ್ತೆ 25 ಪಟ್ಟು ಸ್ವಲ್ಪ ಮೇಲೇ ಬರುತ್ತದೆ. ಅಡ್ಡಳತೆ ಸುಮಾರು ಮೂರೂವರೆ ಕೋಟಿ ಕಿ.ಮೀ.

ಚಿಕ್ಕ ಮಕ್ಕಳಿಗೆ ಕೋಟಿ ಬೇಡ. ಸೂರ್ಯ ಒಂದು ಬಟಾಣಿ ಕಾಳು ಎನ್ನಿ. ಆಗ ಸ್ವಾತಿ ಒಂದು ಫುಟ್‌ಬಾಲು. ನಮ್ಮ ಭೂಮಿ ರಾಗಿ ಹಿಟ್ಟಿನ ಒಂದು ಕಣ. ಬಟಾಣಿಯನ್ನು ಕನ್ಯಾಕುಮಾರಿಯಲ್ಲಿಟ್ಟರೆ ಫುಟ್‌ಬಾಲನ್ನು ದೆಹಲಿಯ ಹತ್ತಿರಕ್ಕೆ ಒಯ್ದಿಡಬೇಕು. ಸೂರ್ಯನಿರುವ ಜಾಗದಲ್ಲಿ ಸ್ವಾತಿಯನ್ನು ಕೂರಿಸಿದರೆ ಬೆಳಿಗ್ಗೆ ಮೂಡುವ ಬಿಂಬ ಚಾಚಿದ ಕೈಯ ಮುಷ್ಟಿಗಿಂತಲೂ ಅಗಲವಾಗಿರುತ್ತದೆ.

ಇಷ್ಟು ದೊಡ್ಡದಲ್ಲವೇ, ತೂಕ ಎಷ್ಟಿರಬಹುದು? ನನಗೆ ಈ ನಕ್ಷತ್ರದಲ್ಲಿ ಎಲ್ಲಕ್ಕಿಂತ ಸೋಜಿಗವೆನಿಸುವುದು ಇದೇ. ಸ್ವಾತಿಯೊಳಗಿನ ವಸ್ತು ಸೂರ್ಯನದ್ದಕ್ಕಿಂತ ಸ್ವಲ್ಪವೇ ಹೆಚ್ಚು, ಸುಮಾರು 1.1 ಪಟ್ಟು. ಅಷ್ಟೇ ವಸ್ತು, ಜಾಗ ಮಾತ್ರ 16,000 ಪಟ್ಟು. ಅಕ್ಕಿ ಪುರಿಯಾದ ಹಾಗೆ: ಸೇರು ತುಂಬುತ್ತದೆ, ತಕ್ಕಡಿ ಏಳುವುದಿಲ್ಲ.

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಒಂದು ಕೋಣೆ ಇದೆಯೆನ್ನಿ. ಅದರೊಳಗಿನ ಗಾಳಿಯ ತೂಕವೇ ಸುಮಾರು 34 ಕೆ.ಜಿ. ಆ ಕೋಣೆಗೆ ಸೂರ್ಯನ ವಸ್ತುವನ್ನು ಸರಾಸರಿ ಲೆಕ್ಕದಲ್ಲಿ ತುಂಬಿದರೆ 40 ಟನ್. ಸ್ವಾತಿಯ ವಸ್ತುವನ್ನು ತುಂಬಿದರೆ ಎರಡೂವರೆ ಕೆ.ಜಿ. ಚಿಲ್ಲರೆ! ನಾವು ಉಸಿರಾಡುವ ಗಾಳಿಗಿಂತ ಹತ್ತು ಪಟ್ಟಿಗೂ ತೆಳು. ಪಾಠಪುಸ್ತಕದ 'ಸಾಂದ್ರತೆ' ಎಂಬ ಪದ ಮಗುವಿಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದನ್ನು ಬಹಳ ಕಂಡಿದ್ದೇನೆ. ಕೋಣೆಯ ಈ ಲೆಕ್ಕ ಹೇಳಿದ ಮೇಲೆ ಆ ಪದ ಅಲ್ಲಾಡುವುದಿಲ್ಲ. ನಾಳೆ ತಮಿಳಿನಲ್ಲಿ 'ಅಡರ್ತ್ತಿ' ಎಂದು ಬಂದರೂ, ಇಂಗ್ಲಿಷಿನಲ್ಲಿ ಡೆನ್ಸಿಟಿ ಎಂದು ಬಂದರೂ ಕೋಣೆ ಅದೇ. ಅಂದ ಹಾಗೆ ತಮಿಳಿನಲ್ಲಿ ನಕ್ಷತ್ರಕ್ಕೆ 'ವಿಣ್ಮೀನ್' ಎಂಬ ಮಾತಿದೆ. ತಮಿಳಿನ 'ಮಿನ್ನಲ್', ಕನ್ನಡದ 'ಮಿಂಚು', 'ಮಿನುಗು' ಒಂದೇ ಬಳ್ಳಿಯ ಕಾಯಿಗಳು. ಎರಡು ಭಾಷೆ ಓದುವ ಮಕ್ಕಳಿಗೆ ಇಂಥದ್ದನ್ನು ತೋರಿಸಿಕೊಡಿ, ಖುಷಿಪಡುತ್ತಾರೆ.

ಸರಾಸರಿ ಎಂದೆ, ಗಮನಿಸಿ. ಸ್ವಾತಿಯ ನಡುಭಾಗ ಹಗುರವಲ್ಲ. ನಕ್ಷತ್ರ ಉರಿಯುವುದು ನಡುವಿನಲ್ಲಿ. ಅಲ್ಲಿ ಜಲಜನಕ ಬೆಸೆದು ಹೀಲಿಯಂ ಆಗುತ್ತದೆ. ನಡುವಿನ ಜಲಜನಕ ಮುಗಿದಾಗ ಆ ತಿರುಳು ತನ್ನ ಭಾರಕ್ಕೆ ತಾನೇ ಕುಗ್ಗಿ ಇನ್ನೂ ಬಿಸಿಯಾಗುತ್ತದೆ. ಅದರ ಸುತ್ತಲಿನ ಪದರದಲ್ಲಿ ಜಲಜನಕ ಮೊದಲಿಗಿಂತ ಜೋರಾಗಿ ಉರಿಯತೊಡಗುತ್ತದೆ. ಆ ಕಾವಿಗೆ ಹೊರಗಿನ ಪದರಗಳು ಉಬ್ಬುತ್ತವೆ, ಉಬ್ಬಿದಂತೆ ಮೇಲ್ಮೈ ತಣಿದು ಕೆಂಪಿಗೆ ತಿರುಗುತ್ತದೆ. ಇಂಥ ನಕ್ಷತ್ರಕ್ಕೆ ಕೆಂಪು ದೈತ್ಯ ಎಂದು ಹೆಸರು. ಮೇಲ್ಮೈಯಲ್ಲಿ ಸೆಳೆತವೂ ಸಡಿಲ: ಇಲ್ಲಿ 50 ಕೆ.ಜಿ. ತೂಗುವ ಮೂಟೆ ಅಲ್ಲಿ ಎರಡು ಕೆ.ಜಿ. ಚಿಲ್ಲರೆ ತೂಗೀತು, ಮೂಟೆ ಇಡಲು ಗಟ್ಟಿ ನೆಲವೇ ಇಲ್ಲ ಎನ್ನುವುದು ಬೇರೆ ಮಾತು.

ಸ್ವಾತಿಯ ವಯಸ್ಸು ಸುಮಾರು 700 ಕೋಟಿ ವರ್ಷ. ಸೂರ್ಯನದು 460 ಕೋಟಿ. ಸ್ವಾತಿಯಲ್ಲಿ ಕಬ್ಬಿಣದ ಪಾಲು ಸೂರ್ಯನಲ್ಲಿರುವುದರ ಮೂರನೇ ಒಂದರಷ್ಟು. ನಕ್ಷತ್ರಗಳು ಅಲುಗುವುದಿಲ್ಲ ಎಂದು ಹಿಂದಿನವರು ನಂಬಿದ್ದರು. 1718ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ, ಗ್ರೀಕರ ಹಳೆಯ ಪಟ್ಟಿಯೊಡನೆ ಹೋಲಿಸಿ ಸ್ವಾತಿ ಜಾಗ ಬದಲಿಸಿದೆ ಎಂದು ತೋರಿಸಿದ. ಅದು ಸುಮಾರು 800 ವರ್ಷಕ್ಕೆ ಒಂದು ಹುಣ್ಣಿಮೆ ಚಂದ್ರನ ಅಗಲದಷ್ಟು ಸರಿಯುತ್ತದೆ.

ಇಷ್ಟು ಹೇಳಿದ ಮೇಲೆ ಮಗು ಕೇಳಿಯೇ ಕೇಳುತ್ತದೆ: ಸೂರ್ಯನ ತೂಕವೂ ಹೆಚ್ಚುಕಡಿಮೆ ಅಷ್ಟೇ ಅಲ್ಲವೇ, ಅವನೂ ಹೀಗೆ ಉಬ್ಬುತ್ತಾನೆಯೇ? ಹೌದು ಎಂದೇ ಹೇಳಿ. ಮುಚ್ಚಿಡಬೇಡಿ, "ಅದೆಲ್ಲ ನಿನಗೇಕೆ, ಮಲಗು" ಎಂದು ಬಾಯಿ ಮುಚ್ಚಿಸಲೂ ಬೇಡಿ. ಸೂರ್ಯನೂ ಒಂದು ದಿನ ಸ್ವಾತಿಯಂತಾಗುತ್ತಾನೆ. ಕೆಲವು ಮಕ್ಕಳು ಇದನ್ನು ಕೇಳಿ ಹೆದರುತ್ತಾರೆ, ರಾತ್ರಿ ನಿದ್ದೆ ಮಾಡುವುದಿಲ್ಲ. ಅವರಿಗೆ ಕಾಲದ ಲೆಕ್ಕ ಕೊಡಿ. ಅದಕ್ಕೆ ಇನ್ನೂ ಸುಮಾರು 500 ಕೋಟಿ ವರ್ಷವಿದೆ. ಒಂದು ವರ್ಷಕ್ಕೆ ಒಂದು ಮಿಲಿಮೀಟರ್ ಗೆರೆ ಎಳೆದರೆ ಮಗುವಿನ ವಯಸ್ಸು ಬೆರಳಿನ ಅಗಲ, ಅಜ್ಜನ ವಯಸ್ಸು ಅಂಗೈ ಅಗಲ. ಸೂರ್ಯ ಉಬ್ಬುವ ದಿನಕ್ಕೆ ಗೆರೆ 5,000 ಕಿ.ಮೀ. ಎಳೆಯಬೇಕು, ತಾರಸಿಯಿಂದ ಕನ್ಯಾಕುಮಾರಿಗೆ ಹೋಗಿ, ಅಲ್ಲಿಂದ ತಿರುಗಿ ಕಾಶ್ಮೀರ ದಾಟಿದರೂ ಮುಗಿಯುವುದಿಲ್ಲ.